ಹೊಸ ಬ್ಲೂಸ್ ಗಿಟಾರಿಸ್ಟನ ಎರಡನೇ ಆಲ್ಬಂ ಕೇಳುವುದು ಹೇಗೆ: ಹಿಂದೆ ನಿಂತವಳ ಕಿವಿಮಾತು

ಬ್ಯಾಂಡಿನ ಯಾವ ಫೋಟೋ ತೆಗೆದರೂ ನಾನು ಹಿಂದುಗಡೆ, ಡ್ರಮ್ಸ್ ಪಕ್ಕ, ಅರ್ಧ ಮುಖ ಕತ್ತಲಲ್ಲಿ. ನಾನು ಬ್ಲೂಸ್ ಬ್ಯಾಂಡಿನಲ್ಲಿ ಬೇಸ್ ನುಡಿಸುವವಳು. ಬ್ಲೂಸ್ ಅಂದರೆ ಅಮೆರಿಕದ ಕಪ್ಪು ಜನರಲ್ಲಿ ಹುಟ್ಟಿದ ಸಂಗೀತ, ಬೇಸ್ ಅಂದರೆ ದಪ್ಪ ತಂತಿಯ, ತಗ್ಗು ಸ್ವರದ ಗಿಟಾರ್. ಹತ್ತೊಂಬತ್ತು ವರ್ಷದಿಂದ ಒಬ್ಬರಾದ ಮೇಲೊಬ್ಬರಂತೆ ಗಿಟಾರ್ ಹುಡುಗರ ಬೆನ್ನು ನೋಡಿಕೊಂಡೇ ಬಂದಿದ್ದೇನೆ. ಸೋಲೊ, ಅಂದರೆ ಗಿಟಾರ್ ಒಂದೇ ಮುಂದೆ ಬಂದು ಮಾತಾಡುವ ಭಾಗ, ಯಾವಾಗ ಮುಗಿಯುತ್ತದೆ ಅಂತ ಅವರ ಭುಜ ನೋಡಿಯೇ ಹೇಳಬಲ್ಲೆ. ಇವತ್ತು ಮುಗಿಯುವುದೇ ಇಲ್ಲ ಅಂತಲೂ ಹೇಳಬಲ್ಲೆ.

ಹಾಗಾಗಿ ಯಾರಾದರೂ ಹೊಸ ಗಿಟಾರಿಸ್ಟನ ಎರಡನೇ ಆಲ್ಬಂ ಬಂದಾಗಲೆಲ್ಲ ಚಿಕ್ಕವರು ನನ್ನನ್ನು ಕೇಳುತ್ತಾರೆ: “ಅಕ್ಕಾ, ತುಂಬಾ ಬೆಳೆದಿದ್ದಾನೆ ಅಂತಿದ್ದಾರೆ, ಹೌದಾ?” ಬೆಳೆದಿದ್ದಾನೆ ಅಂದುಬಿಡುವುದು ಸುಲಭ. ಎಲ್ಲಿ ಬೆಳೆದಿದ್ದಾನೆ ಅಂತ ಬೆರಳಿಟ್ಟು ತೋರಿಸುವುದು ಕಷ್ಟ. ನಾನು ಅದನ್ನು ಹೇಗೆ ಹುಡುಕುತ್ತೇನೆ ಅಂತ ಇಲ್ಲಿ ಬರೆದಿದ್ದೇನೆ. ನಿಮಗೆ ಗಿಟಾರ್ ಬರಬೇಕಾಗಿಲ್ಲ. ನಾಲ್ಕರವರೆಗೆ ಎಣಿಸಲು ಬಂದರೆ ಸಾಕು. ಎರಡು ಸಂಜೆ, ಒಂದು ಪೆನ್ಸಿಲ್, ಫೋನಿನ ಸ್ಟಾಪ್‌ವಾಚ್, ಪರವಾಗಿಲ್ಲ ಅನ್ನುವಂಥ ಹೆಡ್‌ಫೋನ್ ಇಟ್ಟುಕೊಳ್ಳಿ.

ಎರಡನೆಯದೇ ಯಾಕೆ ಅಂದರೆ, ಮೊದಲನೆಯದರಲ್ಲಿ ಇರುವುದು ಚಿಕ್ಕಂದಿನಿಂದ ಕೂಡಿಟ್ಟದ್ದು. ಕೋಣೆಯ ಬಾಗಿಲು ಹಾಕಿಕೊಂಡು ಸಾವಿರ ಸಲ ನುಡಿಸಿದ ಹಾಡುಗಳು, ಗುರುಗಳಿಂದ ಕದ್ದ ಸಾಲುಗಳು, ಎಲ್ಲ ಒಂದೇ ಸಲ ಸುರಿದಿರುತ್ತಾರೆ. ಆ ಗಂಟು ಖಾಲಿಯಾದ ಮೇಲೆ, ಊರೂರು ತಿರುಗುತ್ತ, ಒಂದೆರಡು ವರ್ಷದಲ್ಲಿ ಮಾಡಿದ್ದು ಎರಡನೆಯದು. ಅಮೆರಿಕದ ಬ್ಲೂಸ್ ಗಿಟಾರಿಸ್ಟ್ ಸ್ಟೀವಿ ರೇ ವಾನ್ ಅವರ ಮೊದಲ ಆಲ್ಬಂ ‘ಟೆಕ್ಸಸ್ ಫ್ಲಡ್’ ರೆಕಾರ್ಡ್ ಆಗಿದ್ದು 1982ರ ನವೆಂಬರಿನಲ್ಲಿ, ಲಾಸ್ ಏಂಜಲಿಸ್‌ನಲ್ಲಿ, ಹಾಡುಗಾರ ಜಾಕ್ಸನ್ ಬ್ರೌನ್ ಬಿಟ್ಟುಕೊಟ್ಟ ಸ್ಟುಡಿಯೋದಲ್ಲಿ. ಮೂರೇ ದಿನದ ಕೆಲಸ. ದಿನವೂ ಸ್ಟೇಜಿನಲ್ಲಿ ನುಡಿಸುತ್ತಿದ್ದದ್ದನ್ನೇ ಅಲ್ಲೂ ನುಡಿಸಿದರು. ಎರಡನೆಯದಕ್ಕೆ 1984ರ ಜನವರಿಯಲ್ಲಿ ನ್ಯೂಯಾರ್ಕಿನ ಪವರ್ ಸ್ಟೇಷನ್ ಸ್ಟುಡಿಯೋದಲ್ಲಿ 19 ದಿನ ಕೂತರು. ಮೂರು ದಿನದವನು ಯಾರು, ಹತ್ತೊಂಬತ್ತು ದಿನದವನು ಯಾರು ಅನ್ನುವುದೇ ನಾವು ಹುಡುಕುತ್ತಿರುವುದು.

ಮೊದಲು ಹಳೆಯದನ್ನು ಹಾಕಿ

ಹೊಸ ಆಲ್ಬಂ ಮುಟ್ಟುವ ಮೊದಲು ಹಳೆಯದನ್ನು ಇನ್ನೊಮ್ಮೆ ಪೂರ್ತಿ ಕೇಳಿ. ಅದೇ ಸಂಜೆ, ಅದೇ ಹೆಡ್‌ಫೋನಿನಲ್ಲಿ. ನೆನಪನ್ನು ನಂಬಬೇಡಿ. ನೆನಪಿನಲ್ಲಿ ಉಳಿದಿರುವುದು ಎರಡು ಒಳ್ಳೆಯ ಹಾಡು ಮಾತ್ರ. ಆ ಎರಡನ್ನು ಹೊಸ ಆಲ್ಬಂನ ಹತ್ತು ಹಾಡಿನ ಜೊತೆ ತೂಗಿದರೆ ತಕ್ಕಡಿ ಸರಿಯಿರುವುದಿಲ್ಲ.

ಎರಡೂ ಒಂದೇ ಜೋರಿನಲ್ಲಿ ಕೇಳಿಸುವ ಹಾಗೆ ಸರಿಮಾಡಿಕೊಳ್ಳಿ. ಸ್ವಲ್ಪ ಜೋರಾಗಿದ್ದರೆ ಸಾಕು, ನಮ್ಮ ಕಿವಿ ಅದನ್ನೇ ಚೆನ್ನಾಗಿದೆ ಅನ್ನುತ್ತದೆ. ಹಾಡುವವರ ದನಿ ಎರಡರಲ್ಲೂ ಒಂದೇ ಎತ್ತರದಲ್ಲಿ ಕೇಳುವಂತೆ ವಾಲ್ಯೂಮ್ ತಿರುಗಿಸಿ. ಫೋನಿನ ಸ್ಪೀಕರ್ ಬೇಡವೇ ಬೇಡ. ಬೇಸ್ ಗಿಟಾರಿನ ಅತಿ ದಪ್ಪ ತಂತಿಯ ಸ್ವರ ಸುಮಾರು 41 ಹರ್ಟ್ಸ್. ಅಷ್ಟು ಚಿಕ್ಕ ಸ್ಪೀಕರಿನಿಂದ ಅದು ಹೊರಗೇ ಬರುವುದಿಲ್ಲ. ಅಂದರೆ ಅಲ್ಲಿ ನಾನೇ ಇರುವುದಿಲ್ಲ. ಇದರಲ್ಲಿ ಸ್ವಲ್ಪ ಸ್ವಾರ್ಥವಿದೆ, ಒಪ್ಪುತ್ತೇನೆ. ಆದರೆ ಗಿಟಾರಿಸ್ಟ್ ಬೆಳೆದನಾ ಅಂತ ತಿಳಿಯುವುದು ಅವನು ಮಿಕ್ಕವರ ಜೊತೆ ಹೇಗೆ ನಡೆದುಕೊಳ್ಳುತ್ತಾನೆ ಅನ್ನುವುದರಿಂದ. ಮಿಕ್ಕವರೇ ಕೇಳಿಸದಿದ್ದರೆ ಏನು ತಿಳಿಯುತ್ತದೆ?

ಆಮೇಲೆ ಕವರಿನ ಹಿಂದಿನ ಸಣ್ಣ ಅಕ್ಷರ ಓದಿ. ಪ್ರೊಡ್ಯೂಸರ್ ಯಾರು, ಹಾಡು ಬರೆದವರು ಯಾರು, ಹಾಡಿದವರು ಯಾರು, ಬೇಸ್ ಮತ್ತು ಡ್ರಮ್ಸ್ ಯಾರದು. ಎರಡೂ ಆಲ್ಬಂನಲ್ಲಿ ಏನು ಬದಲಾಗಿಲ್ಲ ಅನ್ನುವುದನ್ನು ಮೊದಲು ಬರೆದುಕೊಳ್ಳಿ. ಅಮೆರಿಕದ ಯುವ ಬ್ಲೂಸ್ ಗಿಟಾರಿಸ್ಟ್ ಕ್ರಿಸ್ಟೋನ್ ‘ಕಿಂಗ್‌ಫಿಶ್’ ಇಂಗ್ರಮ್ ಇದಕ್ಕೆ ಒಳ್ಳೆಯ ಉದಾಹರಣೆ. ಮಿಸಿಸಿಪ್ಪಿಯ ಕ್ಲಾರ್ಕ್ಸ್‌ಡೇಲ್‌ನಲ್ಲಿ 1999ರಲ್ಲಿ ಹುಟ್ಟಿದವರು. ಮೊದಲ ಆಲ್ಬಂ 2019ರಲ್ಲಿ, ಎರಡನೆಯ ‘662’ 2021ರಲ್ಲಿ. ಎರಡಕ್ಕೂ ಪ್ರೊಡ್ಯೂಸರ್ ಟಾಮ್ ಹ್ಯಾಂಬ್ರಿಡ್ಜ್. ಕಂಪನಿಯೂ ಒಂದೇ, ಅಲಿಗೇಟರ್. ಅಡುಗೆಯವರು ಬದಲಾಗಿಲ್ಲ, ಆದರೂ ರುಚಿ ಬೇರೆಯಾಗಿದೆ ಅಂದರೆ ಆ ವ್ಯತ್ಯಾಸ ಬಹುಮಟ್ಟಿಗೆ ಆ ಹುಡುಗನದೇ. ಎರಡನೆಯದಕ್ಕೆ 2022ರಲ್ಲಿ ಗ್ರ್ಯಾಮಿ ಬಂತು. ಪ್ರಶಸ್ತಿಯನ್ನು ಕಿವಿಯ ಬದಲು ಇಟ್ಟುಕೊಳ್ಳಬೇಡಿ, ಅಷ್ಟೇ.

ಇದಕ್ಕೆ ತಿರುಗುಮುರುಗು ಇನ್ನೊಬ್ಬ ಗಿಟಾರಿಸ್ಟ್ ಕೆನ್ನಿ ವೇನ್ ಶೆಫರ್ಡ್. ಮೊದಲ ಆಲ್ಬಂ 1995ರದು, ಎರಡನೆಯದು 1997ರದು. ನಡುವೆ ಹಾಡುಗಾರನೇ ಬದಲಾದರು. ಕೋರಿ ಸ್ಟರ್ಲಿಂಗ್ ಹೋಗಿ ನೋವಾ ಹಂಟ್ ಬಂದರು. ಎರಡನೆಯದರಲ್ಲಿ ಬೇಸ್ ನುಡಿಸಿದ್ದು ಟಾಮಿ ಶಾನನ್, ಡ್ರಮ್ಸ್ ಕ್ರಿಸ್ ಲೇಟನ್. ಅಂದರೆ ಸ್ಟೀವಿ ರೇ ವಾನ್ ಹಿಂದೆ ನಿಂತಿದ್ದ ಅದೇ ಜೋಡಿ. ಆ ಇಬ್ಬರು ಹಿಂದೆ ಇದ್ದರೆ ನನ್ನ ಪಕ್ಕದ ಮನೆಯ ಹುಡುಗನೂ ಬೆಳೆದಂತೆ ಕೇಳಿಸಬಹುದು. ಇಂಥ ಕಡೆ ಹುಷಾರಾಗಿ ಕೇಳಬೇಕು: ಹುಡುಗ ಬೆಳೆದನಾ, ಸಹವಾಸ ಬೆಳೆಯಿತಾ? ಎರಡೂ ನಿಜ ಇರಬಹುದು. ಒಳ್ಳೆಯ ಸಹವಾಸದಲ್ಲಿ ಬಾಯಿ ಮುಚ್ಚಿಕೊಂಡು ಕಲಿಯುವುದೂ ಬೆಳವಣಿಗೆಯೇ ಅಲ್ವಾ.

ಹನ್ನೆರಡು ಬಾರ್ ಎಣಿಸಲು ಕಲಿಯಿರಿ

ಇದಕ್ಕೆ ಹತ್ತು ನಿಮಿಷ ಸಾಕು. ಬ್ಲೂಸಿನ ಬಹುಪಾಲು ಹಾಡು ಹನ್ನೆರಡು ಬಾರಿನ ಸುತ್ತು. ಒಂದು ಬಾರ್‌ಗೆ ನಾಲ್ಕು ಬೀಟ್, ಅಂದರೆ ತಾಳದ ನಾಲ್ಕು ಏಟು. ಹಾಡು ‘ಎ’ ಶ್ರುತಿಯಲ್ಲಿದೆ ಅಂದುಕೊಳ್ಳಿ (ಎ, ಡಿ, ಇ ಇವೆಲ್ಲ ಪಾಶ್ಚಾತ್ಯ ಸ್ವರಗಳ ಹೆಸರು). ಮೊದಲ ನಾಲ್ಕು ಬಾರ್ ಎ ಕಾರ್ಡ್, ಅಂದರೆ ಎ ಸ್ವರದ ಮೇಲೆ ಕಟ್ಟಿ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು. ಆಮೇಲೆ ಎರಡು ಬಾರ್ ಡಿ. ಮತ್ತೆ ಎರಡು ಬಾರ್ ಎ. ಒಂಬತ್ತನೆಯದು ಇ, ಹತ್ತನೆಯದು ಡಿ. ಕೊನೆಯ ಎರಡರಲ್ಲಿ ಮನೆಗೆ ಬಂದು, ಮತ್ತೆ ಹೊರಡಲು ಚಪ್ಪಲಿ ಮೆಟ್ಟುವುದು. ಸಣ್ಣಪುಟ್ಟ ಬದಲಾವಣೆ ಇರುತ್ತದೆ. ಎರಡನೇ ಬಾರಿನಲ್ಲೇ ಒಮ್ಮೆ ಡಿಗೆ ಹೋಗಿ ಬರುವವರಿದ್ದಾರೆ. ಗಾಬರಿ ಬೇಡ. ಬೇಸ್ ಕೇಳುತ್ತ ಎಣಿಸಿ, ನಾವು ನಿಮ್ಮನ್ನು ದಾರಿ ತಪ್ಪಿಸುವುದಿಲ್ಲ.

ನಿಮಿಷಕ್ಕೆ 60 ಬೀಟ್ ಇರುವ ನಿಧಾನದ ಬ್ಲೂಸಿನಲ್ಲಿ ಒಂದು ಸುತ್ತಿಗೆ 48 ಸೆಕೆಂಡ್. 120 ಇದ್ದರೆ 24 ಸೆಕೆಂಡ್. ನಿಧಾನದ ಹಾಡಿನಲ್ಲಿ ಮೂರು ಸುತ್ತು ಸೋಲೊ ಅಂದರೆ ಎರಡು ನಿಮಿಷ 24 ಸೆಕೆಂಡ್. ಅಷ್ಟು ಹೊತ್ತು ಒಬ್ಬನೇ ಮಾತಾಡುವುದು ಅಂದರೆ ಏನು ಅಂತ ಗಡಿಯಾರ ಹಿಡಿದು ನೋಡಿದರೆ ಗೊತ್ತಾಗುತ್ತದೆ.

ಈಗ ಎರಡೂ ಆಲ್ಬಂನಿಂದ ಒಂದೊಂದು ನಿಧಾನದ ಹಾಡು ಆರಿಸಿ. ವೇಗದ ಹಾಡು ಬೇಡ. ವೇಗದಲ್ಲಿ ಬೆರಳಿನ ಕಸರತ್ತು ಎಲ್ಲವನ್ನೂ ಮುಚ್ಚಿಬಿಡುತ್ತದೆ. ಹದಿನೇಳು ವರ್ಷದವರೂ ಚೆನ್ನಾಗಿ ಓಡುತ್ತಾರೆ. ನಿಧಾನವಾಗಿ ನಡೆಯುವಾಗಲೇ ಕಾಲು ನಡುಗುವುದು ಕಾಣುವುದು.

ಐದನೇ ಬಾರಿನ ಪರೀಕ್ಷೆ

ಸೋಲೊ ಶುರುವಾದ ಕೂಡಲೇ ಎಣಿಸುತ್ತ ಹೋಗಿ. ಐದನೇ ಬಾರಿನಲ್ಲಿ ಕಾರ್ಡ್ ಬದಲಾಗುತ್ತದೆ. ಅದು ಗಿಟಾರಿಸ್ಟನಿಗೆ ಗೊತ್ತಾಯಿತಾ?

ಹೊಸಬರು ಕಲಿಯುವುದು ಐದು ಸ್ವರದ ಒಂದು ಚೌಕಟ್ಟು. ಎ ಶ್ರುತಿಗೆ ಐದನೇ ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಲೋಹದ ಗೆರೆ) ಹತ್ತಿರ ಕೈ ಇಟ್ಟರೆ ಆಯಿತು, ಎಲ್ಲ ಕಾರ್ಡಿನ ಮೇಲೂ ಅದೇ ಸ್ವರಗಳು ನಡೆಯುತ್ತವೆ. ಏನೂ ತಪ್ಪಾಗುವುದಿಲ್ಲ, ಅದೇ ಅದರ ಆಕರ್ಷಣೆ. ಆದರೆ ಹಿಂದೆ ನಾವು ಎ ಬಿಟ್ಟು ಡಿಗೆ ಬಂದರೂ ಮುಂದಿನವನು ಎಲ್ಲಿದ್ದನೋ ಅಲ್ಲೇ ಇರುತ್ತಾನೆ. ಬಸ್ಸು ತಿರುವಿನಲ್ಲಿ ತಿರುಗಿದೆ, ಇವನು ಕಿಟಕಿಯಾಚೆ ನೋಡದೆ ಫೋನಿನಲ್ಲಿ ಮಾತಾಡುತ್ತಲೇ ಇದ್ದಾನೆ.

ಬೆಳೆದವನು ತಿರುವು ತೋರಿಸುತ್ತಾನೆ. ಎ ಕಾರ್ಡಿನೊಳಗೆ ಸಿ ಶಾರ್ಪ್ ಇದೆ. ಡಿ ಸೆವೆಂತ್ ಕಾರ್ಡಿನೊಳಗೆ ಸಿ ಇದೆ. ನಾಲ್ಕನೇ ಬಾರಿನಲ್ಲಿ ಸಿ ಶಾರ್ಪ್ ಮುಟ್ಟಿ, ಐದನೆಯದರಲ್ಲಿ ಅರ್ಧ ಹೆಜ್ಜೆ ಇಳಿದು ಸಿ ಮುಟ್ಟಿದರೆ, ಒಂದೇ ಒಂದು ಫ್ರೆಟ್ ಸರಿದು ಇಡೀ ತಿರುವನ್ನು ಹೇಳಿದಂತಾಯಿತು. ನಿಮಗೆ ಸ್ವರದ ಹೆಸರು ಬೇಕಿಲ್ಲ. ಹೀಗೆ ಕೇಳಿಕೊಳ್ಳಿ: ಬ್ಯಾಂಡ್ ಪೂರ್ತಿ ಸುಮ್ಮನಾಗಿ, ಸೋಲೊ ಒಂದೇ ಉಳಿದಿದ್ದರೆ, ಐದನೇ ಬಾರ್ ಎಲ್ಲಿ ಬಂತು ಅಂತ ನನಗೆ ತಿಳಿಯುತ್ತಿತ್ತಾ? ಹಳೆಯ ಆಲ್ಬಂನಲ್ಲಿ ತಿಳಿಯುತ್ತಿರಲಿಲ್ಲ, ಹೊಸದರಲ್ಲಿ ತಿಳಿಯಿತು ಅಂದರೆ ಕಾಗದದ ಮೇಲೆ ಒಂದು ಗೆರೆ ಎಳೆಯಿರಿ. ನನ್ನ ಲೆಕ್ಕದಲ್ಲಿ ಇದು ದೊಡ್ಡ ಗೆರೆ.

ಇದೇ ಹೊತ್ತಿಗೆ ಸೋಲೊ ಎಲ್ಲಿಂದ ಶುರುವಾಯಿತು ಅಂತಲೂ ಗಮನಿಸಿ. ಮೊದಲ ಸಾಲಿನಲ್ಲೇ ಅತಿ ಮೇಲಿನ ಸ್ವರಕ್ಕೆ ಹಾರಿದರೆ ಮುಂದೆ ಹೋಗಲು ಜಾಗವಿಲ್ಲ. ಬ್ಲೂಸ್ ಗಿಟಾರಿಸ್ಟ್ ಬಡ್ಡಿ ಗೈ ಅವರ ನುಡಿಸಾಣಿಕೆ ಕೇಳಿದವರಿಗೆ ಗೊತ್ತು, ಪಿಸುಮಾತಿನಷ್ಟು ಸಣ್ಣಗೆ ಇಳಿಸಿ, ಜನ ಕಿವಿ ಮುಂದೆ ಚಾಚುವಂತೆ ಮಾಡಿ, ಆಮೇಲೆ ಸಿಡಿಯುತ್ತಾರೆ. ಹೊಸಬರು ಅವರಿಂದ ಸಿಡಿಯುವುದನ್ನು ಮಾತ್ರ ಮೊದಲು ಕಲಿಯುತ್ತಾರೆ. ಪಿಸುಮಾತು ಎರಡನೇ ಆಲ್ಬಂಗೆ ಬಂದರೆ ಪುಣ್ಯ.

ಸ್ಟಾಪ್‌ವಾಚ್ ಹಿಡಿದು ಮೌನ ಅಳೆಯಿರಿ

ಹಾಡಿನ ಭಾಗಕ್ಕೆ ಬನ್ನಿ. ಬ್ಲೂಸಿನ ಸಾಲು ನಾಲ್ಕು ಬಾರ್ ಅಂದರೂ ಹಾಡುವವರು ಅದರಲ್ಲಿ ಸುಮಾರು ಎರಡು ಬಾರ್ ಮಾತ್ರ ಹಾಡುತ್ತಾರೆ. ಮಿಕ್ಕ ಎರಡು ಬಾರ್ ಉತ್ತರಕ್ಕೆ ಬಿಟ್ಟ ಜಾಗ. ಒಂದು ಸಾಲು, ಅದೇ ಸಾಲು ಮತ್ತೊಮ್ಮೆ, ಆಮೇಲೆ ಅದಕ್ಕೆ ಜವಾಬಿನಂಥ ಮೂರನೇ ಸಾಲು. ಪ್ರತಿ ಸಾಲಿನ ಬಾಲದಲ್ಲಿ ಗಿಟಾರ್ ಮಾತಾಡಬೇಕು. ಬ್ಲೂಸಿನ ಹೆಸರಾಂತ ಹಾಡುಗಾರ, ಗಿಟಾರಿಸ್ಟ್ ಬಿ.ಬಿ. ಕಿಂಗ್ ಹಾಡುವಾಗ ನುಡಿಸುತ್ತಿರಲಿಲ್ಲ, ನುಡಿಸುವಾಗ ಹಾಡುತ್ತಿರಲಿಲ್ಲ. ಅವರ ಗಿಟಾರಿಗೆ ಲೂಸಿಲ್ ಅಂತ ಹೆಸರು. ಇಬ್ಬರು ಮಾತಾಡಿದ ಹಾಗೆಯೇ ಇರುತ್ತಿತ್ತು. ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಬಾಯಿ ತೆಗೆಯುತ್ತಿರಲಿಲ್ಲ.

ಹಳೆಯ ಆಲ್ಬಂನ ಹಾಡಿನಲ್ಲಿ, ದನಿ ನಿಂತ ಕ್ಷಣದಿಂದ ಗಿಟಾರ್ ಶುರುವಾಗುವವರೆಗೆ ಎಷ್ಟು ಹೊತ್ತು ಅಂತ ಅಳೆಯಿರಿ. ಬಹಳ ಸಲ ಸೊನ್ನೆ. ಕೆಲವು ಸಲ ಸೊನ್ನೆಗಿಂತ ಕಡಿಮೆ. ಕೊನೆಯ ಪದ ಬಾಯಲ್ಲಿ ಇರುವಾಗಲೇ ಗಿಟಾರ್ ನುಗ್ಗಿರುತ್ತದೆ. ತಾನೇ ಹಾಡಿ ತಾನೇ ನುಡಿಸುವವರೂ ಹೀಗೆ ತಮ್ಮ ಮಾತಿನ ಮೇಲೆ ತಾವೇ ಬೀಳುತ್ತಾರೆ. ಆಮೇಲೆ ಹೊಸದನ್ನು ಅಳೆಯಿರಿ. ಅರ್ಧ ಸೆಕೆಂಡ್ ಜಾಸ್ತಿಯಾಗಿದ್ದರೂ ಅದು ತಮಾಷೆಯಲ್ಲ. ಜನರ ಮುಂದೆ ಕೈಯಲ್ಲಿ ಗಿಟಾರ್ ಹಿಡಿದು ಅರ್ಧ ಸೆಕೆಂಡ್ ಸುಮ್ನೆ ನಿಲ್ಲುವುದಕ್ಕೆ ಎಷ್ಟು ಧೈರ್ಯ ಬೇಕು ಗೊತ್ತಾ?

ನನಗೆ ಇದು ಗೊತ್ತಾಗಿದ್ದು ಒಂದು ಅವಮಾನದಿಂದ. ಒಬ್ಬ ಹುಡುಗನ ಎರಡೂ ಆಲ್ಬಂನಲ್ಲಿ ಬೇಸ್ ನನ್ನದೇ. ಹೆಸರು ಬೇಡ. ಮೊದಲನೆಯದರ ಹೊತ್ತಿಗೆ ಅವನಿಗೆ ಹತ್ತೊಂಬತ್ತು. ಕೈಯಲ್ಲಿ ಮಿಂಚು ಇತ್ತು, ಬ್ರೇಕ್ ಇರಲಿಲ್ಲ. ಎರಡನೆಯದಕ್ಕೆ ಕೂತಾಗ ಇಪ್ಪತ್ತೆರಡು. ‘ಇ’ ಶ್ರುತಿಯ ಒಂದು ನಿಧಾನದ ಹಾಡು. ದೀಪ ಕಡಿಮೆ ಮಾಡಿಕೊಂಡು ನುಡಿಸುತ್ತಿದ್ದೆವು. ಸೋಲೊದ ಎರಡನೇ ಸುತ್ತು, ಒಂಬತ್ತನೇ ಬಾರ್, ಕಾರ್ಡ್ ಬಿಗೆ ಹೋಗುವ ಜಾಗ. ಅಲ್ಲಿ ಅವನ ಗಿಟಾರ್ ನಿಂತುಹೋಯಿತು.

ಕೇಬಲ್ ಕಳಚಿಕೊಂಡಿತು ಅಂದುಕೊಂಡೆ. ಅವನು ನಿಲ್ಲುವವನೇ ಅಲ್ಲವಲ್ಲ! ಆ ಟೇಕ್, ಅಂದರೆ ಆ ಸಲದ ರೆಕಾರ್ಡಿಂಗ್, ಉಳಿಸಬೇಕು ಅಂತ ನಾನು ಬಿಯಿಂದ ಎಗೆ ಒಂದು ಚೆಂದದ ಇಳಿಜಾರು ನುಡಿಸಿ ಆ ಜಾಗ ತುಂಬಿಸಿದೆ. ಡ್ರಮ್ಸ್‌ನವನೂ ನನ್ನ ಹಿಂದೆ ಬಂದ. ಹೆಡ್‌ಫೋನಿನಲ್ಲಿ ಎಂಜಿನಿಯರ್ ದನಿ: “ನಿಲ್ಲಿಸಿ, ನಿಲ್ಲಿಸಿ.” ಹುಡುಗ ನನ್ನ ಕಡೆ ತಿರುಗಿ, ಸಿಟ್ಟಿಲ್ಲದೆ ಹೇಳಿದ: “ಅಕ್ಕಾ, ಅಲ್ಲಿ ನಾನು ಬೇಕಂತಲೇ ನಿಂತಿದ್ದೆ.”

ಕೇಬಲ್ ಗಟ್ಟಿಯಾಗಿಯೇ ಇತ್ತು. ಆಮೇಲೆ ಮೂರು ಟೇಕ್ ತೆಗೆದುಕೊಂಡೆವು. ಮೊದಲ ಸಲ ಆ ಮೌನ ಎಷ್ಟು ತಾನಾಗಿ ಬಂದಿತ್ತೋ ಅಷ್ಟು ಮತ್ತೆ ಬರಲಿಲ್ಲ. ಕೊನೆಯ ಟೇಕ್ ಆಲ್ಬಂಗೆ ಹೋಯಿತು. ಅದರಲ್ಲಿ ನಾನು ಆ ಬಾರಿನಲ್ಲಿ ಬಿ ಸ್ವರವನ್ನು ನಾಲ್ಕು ಸಲ ಮೆಲ್ಲಗೆ ಒತ್ತಿದ್ದೇನೆ, ಇನ್ನೇನೂ ಇಲ್ಲ. ಮೂರು ವರ್ಷ ಅವನ ಬೆನ್ನ ಹಿಂದೆಯೇ ನಿಂತಿದ್ದವಳಿಗೆ ಅವನು ಬೆಳೆದದ್ದು ಕೇಳಿಸಲಿಲ್ಲ. ಕೇಳಿಸಿದ್ದು ಕೇಬಲ್ ಕಳಚಿದಂತೆ. ನೀವು ಕೇಳುವಾಗ ಎಲ್ಲಾದರೂ “ಇಲ್ಲಿ ಏನೋ ಕಡಿಮೆಯಾಯಿತಲ್ಲ” ಅನ್ನಿಸಿದರೆ ಅದನ್ನು ತಪ್ಪು ಅಂತ ಬರೆಯುವ ಮೊದಲು ಹತ್ತು ಸೆಕೆಂಡ್ ಹಿಂದೆ ಹೋಗಿ ಮತ್ತೆ ಕೇಳಿ. ಸಮಯ ಬರೆದಿಟ್ಟುಕೊಳ್ಳಿ.

ತಂತಿ ಎಳೆಯುವುದು ಮತ್ತು ನಡುಗಿಸುವುದು

ಬ್ಲೂಸ್ ಗಿಟಾರಿನ ಅರ್ಧ ಜೀವ ತಂತಿ ಎಳೆಯುವುದರಲ್ಲಿದೆ. ಎಳೆದ ಸ್ವರ ಎಲ್ಲಿಗೆ ಹೋಗಿ ನಿಲ್ಲುತ್ತದೆ ಅನ್ನುವುದನ್ನು ಕೇಳಿ. ಹೊಸಬರು ಉತ್ಸಾಹದಲ್ಲಿ ಸ್ವಲ್ಪ ಜಾಸ್ತಿಯೇ ಎಳೆಯುತ್ತಾರೆ. ಸ್ವರ ಗುರಿ ದಾಟಿ ಕೂದಲೆಳೆಯಷ್ಟು ಮೇಲೆ ಹೋಗಿ ಕಿವಿಗೆ ಚುಚ್ಚುತ್ತದೆ. ಅಥವಾ ತಲುಪುವುದೇ ಇಲ್ಲ. ಇನ್ನೊಂದು ಸೂಕ್ಷ್ಮವಿದೆ. ಎ ಶ್ರುತಿಯಲ್ಲಿ ಸಿ ಮತ್ತು ಸಿ ಶಾರ್ಪ್ ನಡುವೆ ಹೆಸರಿಲ್ಲದ ಒಂದು ಜಾಗ. ಪಿಯಾನೋದಲ್ಲಿ ಆ ಜಾಗಕ್ಕೆ ಕೀಲಿ ಇಲ್ಲ. ಸಿ ಸ್ವರ ಹಿಡಿದ ತಂತಿಯನ್ನು ಚೂರೇ ಚೂರು ಒತ್ತಿ ಮೇಲೆತ್ತಿದರೆ ಸಿಗುತ್ತದೆ. ಗಮಕ ಕೇಳಿ ಬೆಳೆದ ಕಿವಿಗೆ ಇದು ತಟ್ಟನೆ ಹತ್ತುತ್ತದೆ, ಹೇಳಿಕೊಡಬೇಕಾಗಿಲ್ಲ. ಮೊದಲ ಆಲ್ಬಂನಲ್ಲಿ ಅಕಸ್ಮಾತ್ ಸಿಕ್ಕ ಈ ಜಾಗ ಎರಡನೆಯದರಲ್ಲಿ ಬೇಕೆಂದಾಗ ಸಿಗುತ್ತಿದೆಯಾ ನೋಡಿ.

ಬ್ಲೂಸ್ ಗಿಟಾರಿಸ್ಟ್ ಆಲ್ಬರ್ಟ್ ಕಿಂಗ್ ಎಡಗೈಯವರು. ಬಲಗೈ ಗಿಟಾರನ್ನೇ ಉಲ್ಟಾ ಹಿಡಿದು, ತೆಳು ತಂತಿಗಳು ಮೇಲೆ ಬರುವ ಹಾಗೆ ನುಡಿಸುತ್ತಿದ್ದರು. ಮಿಕ್ಕವರು ಮೇಲೆ ತಳ್ಳುವ ತಂತಿಯನ್ನು ಅವರು ಕೆಳಗೆ ಜಗ್ಗುತ್ತಿದ್ದರು. ಆ ಎಳೆತದ ಬಲವನ್ನು ಅನುಕರಿಸದ ಹುಡುಗನೇ ಇಲ್ಲ. ಸ್ಟೀವಿ ರೇ ವಾನ್ ಕೂಡ ಅವರ ಶಿಷ್ಯರೇ. 1983ರ ಡಿಸೆಂಬರಿನಲ್ಲಿ ಕೆನಡಾದ ಹ್ಯಾಮಿಲ್ಟನ್ ಊರಿನ ಟಿ.ವಿ. ಸ್ಟುಡಿಯೋದಲ್ಲಿ ಇಬ್ಬರೂ ಪಕ್ಕಪಕ್ಕ ಕೂತು ನುಡಿಸಿದರು. ಮುಂದಿನ ತಿಂಗಳೇ ವಾನ್ ತಮ್ಮ ಎರಡನೇ ಆಲ್ಬಂ ರೆಕಾರ್ಡ್ ಮಾಡಲು ಹೋದದ್ದು. ಯಾರನ್ನು ಕದ್ದು ಬೆಳೆದರೋ ಅವರ ಪಕ್ಕದಲ್ಲೇ ಕೂತು ಎದ್ದುಬಂದ ಕೈ ಅದು. ಆ ಟಿ.ವಿ. ರೆಕಾರ್ಡಿಂಗ್ 1999ರಲ್ಲಿ ಆಲ್ಬಂ ಆಗಿಯೂ ಬಂದಿದೆ. ನಡುವೆ ಇದನ್ನೂ ಒಮ್ಮೆ ಕೇಳಿದರೆ ಒಳ್ಳೆಯದು.

ವೈಬ್ರಾಟೊ ಅಂದರೆ ಹಿಡಿದ ಸ್ವರವನ್ನು ನಡುಗಿಸುವುದು. ಕೇಳಬೇಕಾದ್ದು ಒಂದೇ. ಸ್ವರ ಮೊದಲು ನೆಟ್ಟಗೆ ನಿಂತು ಆಮೇಲೆ ನಡುಗಿತಾ, ಹುಟ್ಟುತ್ತಲೇ ನಡುಗಿತಾ? ಹುಟ್ಟುತ್ತಲೇ ನಡುಗಿದರೆ ಅದು ಬಹಳ ಸಲ ಭಯ. ನಿಧಾನದ ಹಾಡಿನಲ್ಲೂ ವೇಗದ ಹಾಡಿನಲ್ಲೂ ಒಂದೇ ವೇಗಕ್ಕೆ ನಡುಗಿದರೆ ಅದು ಅಭ್ಯಾಸ. ಹಾಡಿನ ಲಯಕ್ಕೆ ತಕ್ಕ ಹಾಗೆ ಬದಲಾದರೆ ಆಗ ಮಾತ್ರ ಅದು ಅವನ ಮಾತು.

ದಪ್ಪ ತಂತಿಯ ಬಗ್ಗೆ ಒಂದು ಮಾತು. ವಾನ್ 13ರ ಸೆಟ್ಟಿನಂಥ ದಪ್ಪ ತಂತಿ ಹಾಕಿ, ಅರ್ಧ ಸ್ವರ ಶ್ರುತಿ ಇಳಿಸಿ ನುಡಿಸುತ್ತಿದ್ದರು. ಅದನ್ನು ಓದಿದ ಹುಡುಗರೆಲ್ಲ ಬೆರಳು ಸುಲಿಸಿಕೊಂಡಿದ್ದಾರೆ. ನನ್ನ ಜೊತೆಗಿದ್ದವನೂ ಸುಲಿಸಿಕೊಂಡಿದ್ದ. ಎರಡನೇ ಆಲ್ಬಂ ಹೊತ್ತಿಗೆ ತೆಳು ತಂತಿಗೆ ವಾಪಸ್ ಬಂದಿದ್ದ. ಅದನ್ನು ಯಾರಿಗೂ ಹೇಳಬೇಡಿ ಅಂದಿದ್ದ. ಹೆಸರು ಹೇಳಿಲ್ಲವಲ್ಲ, ಸರಿಹೋಯಿತು.

ಸೋಲೊ ಇಲ್ಲದಾಗ ಏನು ಮಾಡುತ್ತಾರೆ

ಎರಡನೇ ಸಂಜೆ ಇದಕ್ಕೇ ಇಡಿ. ಸೋಲೊ ಬಂದಾಗಲೆಲ್ಲ ಮುಂದೆ ಓಡಿಸಿ. ಉಳಿದದ್ದನ್ನು ಮಾತ್ರ ಕೇಳಿ. ಬ್ಲೂಸ್ ಹಾಡಿನ ಮುಕ್ಕಾಲು ಪಾಲು ಗಿಟಾರ್ ಬೇರೆಯವರಿಗೆ ಆಸರೆಯಾಗಿ ನಿಲ್ಲಬೇಕು. ಅಲ್ಲಿ ಅದು ಏನು ಮಾಡುತ್ತಿದೆ?

ಶಫಲ್ ಲಯದ ಹಾಡು ಹಿಡಿಯಿರಿ. ಒಂದು ಬೀಟನ್ನು ಮೂರು ಭಾಗ ಮಾಡಿ, ನಡುವಿನದನ್ನು ನುಂಗಿಬಿಟ್ಟರೆ ಬರುವ ಕುಂಟು ನಡಿಗೆ ಶಫಲ್. ಟಾ...ಟ, ಟಾ...ಟ. ಕೇಳಲು ಸುಲಭ. ನಾಲ್ಕು ನಿಮಿಷ ಅದೇ ಹದದಲ್ಲಿ ಇರುವುದು ನರಕ. ಹೊಸಬರ ಕೈ ಎರಡನೇ ನಿಮಿಷಕ್ಕೆ ಮುಂದೆ ಓಡತೊಡಗುತ್ತದೆ. ಡ್ರಮ್ಸ್ ಹಿಂದೆ ಎಳೆಯುತ್ತದೆ, ನಡುವೆ ನಾನು ಜಗಳ ಬಿಡಿಸುತ್ತಿರುತ್ತೇನೆ. ಹೆಡ್‌ಫೋನಿನಲ್ಲಿ ಸ್ನೇರ್ ಡ್ರಮ್ಮಿನ ಏಟು ಮತ್ತು ಗಿಟಾರಿನ ಕಡಿತ ಒಟ್ಟಿಗೇ ಬೀಳುತ್ತಿವೆಯಾ, ಗಿಟಾರ್ ಮೊದಲೇ ಬೀಳುತ್ತಿದೆಯಾ ಅಂತ ಕೇಳಿ. ಎರಡನೇ ಆಲ್ಬಂನಲ್ಲಿ ಗಿಟಾರ್ ಒಂಚೂರು ಹಿಂದೆ, ಸೋಫಾಕ್ಕೆ ಒರಗಿದ ಹಾಗೆ ಬಿದ್ದರೆ ನನಗೆ ಖುಷಿ. ಅಂಥ ಕಡೆ ನಾನು ಒಂದು ಸ್ವರವನ್ನೂ ಜಾಸ್ತಿ ನುಡಿಸುವುದಿಲ್ಲ, ಬೇಕಾಗಿಯೇ ಇರುವುದಿಲ್ಲ.

ವಾನ್ ಅವರ ಎರಡನೇ ಆಲ್ಬಂನ ಎರಡು ಹಾಡಿಗೆ ರಿದಂ ಗಿಟಾರ್ ಹಿಡಿದದ್ದು ಅವರ ಅಣ್ಣ ಜಿಮ್ಮಿ ವಾನ್. ಮೊದಲ ಆಲ್ಬಂನಲ್ಲಿ ಮೂವರೇ ಇದ್ದರು. ತಮ್ಮನ ಕೈ ಎತ್ತ ಹಾರಿದರೂ ನೆಲ ಅಲುಗದ ಹಾಗೆ ಅಣ್ಣ ನುಡಿಸಿದ್ದಾರೆ. ಮಿಂಚುವ ಕೈಯಿದ್ದೂ ಇನ್ನೊಂದು ಗಿಟಾರಿಗೆ ಜಾಗ ಬಿಟ್ಟುಕೊಟ್ಟಿದ್ದನ್ನು ನಾನು ಆ ಆಲ್ಬಂನ ದೊಡ್ಡ ಹೆಜ್ಜೆ ಅಂತಲೇ ಲೆಕ್ಕ ಹಾಕುತ್ತೇನೆ.

ಹಾಡು, ಮಾತು, ಶ್ರುತಿ

ಸ್ವಂತ ಹಾಡು ಜಾಸ್ತಿ ಇದ್ದರೆ ಬೆಳೆದ ಹಾಗೆ ಅನ್ನುವ ಲೆಕ್ಕವನ್ನು ನಾನು ನಂಬುವುದಿಲ್ಲ. ವಾನ್ ಅವರ ಮೊದಲ ಆಲ್ಬಂನ ಹತ್ತು ಹಾಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅವರವು. ಎರಡನೆಯದರ ಎಂಟರಲ್ಲಿ ನಾಲ್ಕೇ. ಲೆಕ್ಕದ ಪ್ರಕಾರ ಹಿಂದೆ ಹೋದಂತಾಯಿತು. ಆದರೆ ಆ ನಾಲ್ಕರಲ್ಲಿ ಕೊನೆಯದು ಜಾಜ್ ಕಡೆಗೆ ವಾಲಿದ ಒಂದು ತುಣುಕು, ಮೊದಲ ಆಲ್ಬಂ ಹೊತ್ತಿನ ವಾನ್ ಅದನ್ನು ಆಲ್ಬಂನೊಳಗೆ ಬಿಡುತ್ತಿದ್ದರೋ ಇಲ್ಲವೋ. ಬೇರೆಯವರ ಹಾಡಾದರೂ ಅದಕ್ಕೆ ಏನು ಮಾಡಿದ್ದಾರೆ ಅಂತ ಕೇಳಿ.

ಮಾತಿಗೆ ಬಂದರೆ, ಹದಿನೆಂಟರ ಹುಡುಗ ಮೂರು ಮದುವೆ ಮುರಿದವನ ಹಾಗೆ ಹಾಡುವುದು ಮೊದಲ ಆಲ್ಬಂನ ಹಳೆಯ ಕಾಯಿಲೆ. ಎರಡನೆಯದರಲ್ಲಿ ತಾನು ನಿಜವಾಗಿ ಕಂಡದ್ದು ಬಂತಾ ನೋಡಿ. ಕಿಂಗ್‌ಫಿಶ್ ಅವರ ಎರಡನೇ ಆಲ್ಬಂ ಹೆಸರು ‘662’ ಅಂದರೆ ಉತ್ತರ ಮಿಸಿಸಿಪ್ಪಿಯ ಟೆಲಿಫೋನ್ ಕೋಡ್. ಅದರಲ್ಲಿ ತೀರಿಕೊಂಡ ತಾಯಿಗಾಗಿ ಹಾಡಿದ ಹಾಡೂ ಇದೆ. ತನ್ನ ಫೋನ್ ನಂಬರಿನ ಮೊದಲ ಮೂರು ಅಂಕೆ, ತನ್ನ ಅಮ್ಮ. ಬೇರೆ ಯಾರಿಂದಲೂ ಕಡ ತಂದದ್ದಲ್ಲ.

ಶ್ರುತಿಯನ್ನು ಬೇಸ್‌ನವರು ಮಾತ್ರ ಗಮನಿಸುತ್ತಾರೆ ಅಂತ ಕಾಣುತ್ತದೆ. ಮೊದಲ ಆಲ್ಬಂಗಳಲ್ಲಿ ಇ ಮತ್ತು ಎ ತುಂಬಿರುತ್ತವೆ. ಗಿಟಾರಿನ ಬಿಚ್ಚು ತಂತಿಗಳು ಅಲ್ಲಿವೆ, ಕೈಗೆ ಆರಾಮ. ಎರಡನೆಯದರಲ್ಲಿ ಬಿ ಫ್ಲಾಟ್, ಡಿ ಫ್ಲಾಟ್ ಕಾಣತೊಡಗಿದರೆ, ಯಾರೋ ಹಾಡುವವರ ಗಂಟಲನ್ನು ಕೇಳಿ ಶ್ರುತಿ ಆರಿಸಿದ್ದಾರೆ ಅಂತ ಅರ್ಥ. ಗಿಟಾರಿಸ್ಟ್ ತನ್ನ ಆರಾಮ ಬಿಟ್ಟುಕೊಟ್ಟ.

ಯಾವುದಕ್ಕೆ ಮೋಸ ಹೋಗಬಾರದು

ಹೊಸ ಆಂಪ್, ಹೊಸ ಪೆಡಲ್, ಕಹಳೆಗಳ ತಂಡ, ಹೆಸರಾಂತ ಅತಿಥಿ, ಒಂದು ಫಂಕ್ ಹಾಡು, ಕೊನೆಯಲ್ಲಿ ಒಂಬತ್ತು ನಿಮಿಷದ ಹಾಡು. ಇವೆಲ್ಲ ಬಜೆಟ್ ಬೆಳೆದದ್ದನ್ನು ಹೇಳುತ್ತವೆ. ರಿವರ್ಬ್ (ಸ್ವರದ ಹಿಂದೆ ಉಳಿಯುವ ಗುಂಯ್‌ಗುಡುವ ಪ್ರತಿಧ್ವನಿ) ಜಾಸ್ತಿಯಾಗಿದ್ದರೆ ಇನ್ನೂ ಹುಷಾರು. ಸ್ವರಗಳ ನಡುವೆ ಮಂಜು ತುಂಬಿದರೆ ಮೌನ ಇದೆಯೋ ಇಲ್ಲವೋ ತಿಳಿಯುವುದೇ ಇಲ್ಲ.

ಒಂದು ವಾರ ಬಿಟ್ಟು

ಕಾಗದವನ್ನು ಎತ್ತಿಟ್ಟುಬಿಡಿ. ಒಂದು ವಾರ ಎರಡನ್ನೂ ಕೇಳಬೇಡಿ. ಆಮೇಲೆ ಮೊದಲ ಆಲ್ಬಂ ಒಂದನ್ನೇ ಹಾಕಿ, ಪೆನ್ಸಿಲ್ ಇಲ್ಲದೆ. ಎರಡನೆಯದನ್ನು ಕೇಳಿ ಹದವಾದ ಕಿವಿಗೆ ಮೊದಲನೆಯದು ಬೇರೆಯೇ ಕೇಳಿಸುತ್ತದೆ. ಕೆಲವು ಹಾಡು ಮೊದಲಿಗಿಂತ ಎಳಸು ಅನ್ನಿಸುತ್ತವೆ. ಕೆಲವು ಕಡೆ, ಹೊಸದಾಗಿ ಬಂತು ಅಂತ ನೀವು ಗೆರೆ ಎಳೆದದ್ದು ಆಗಲೇ ಇತ್ತು ಅಂತ ಗೊತ್ತಾಗುತ್ತದೆ. ಅಂಥ ಗೆರೆಯನ್ನು ಅಳಿಸಿ.

ಆ ಹುಡುಗನ ಮೊದಲ ಆಲ್ಬಂ ಅನ್ನು ನಾನು ಹೀಗೆ ಹಾಕಿದ್ದು, ಎರಡನೆಯದು ಹೊರಬಂದ ಮೇಲೆ. ಆರನೇ ಹಾಡು, ಹಾಡಿನ ಎರಡನೇ ಸಾಲಿನ ಬಾಲ. ಅಲ್ಲಿ ಅವನ ಗಿಟಾರ್ ಎರಡು ಬೀಟ್ ನಿಂತಿದೆ. ಆ ಎರಡು ಬೀಟಿನಲ್ಲಿ ಬೇಸ್ ಒಂದು ಚೆಂದದ ಓಟ ಓಡಿದೆ. ಅವತ್ತು ಅದನ್ನು ಎಲ್ಲರೂ ಹೊಗಳಿದ್ದರು.